ಮಣಿಕಟ್ಟು

ಹಗ್ಗ ಎಳೆಯುವುದು ಬಲಗೈ,
ಗಂಟೆಯ ಮಾತು ಕೇಳುವುದು ಎಡಗೈ.
ಅಪ್ಪ ಕಲಿಸಿದ್ದು, ಕಲ್ಯಾಣಪುರದಲ್ಲಿ, ಇಗರ್ಜಿಯ ಗೋಪುರದ ಬುಡದಲ್ಲಿ
ನನಗೆ ಹನ್ನೊಂದಾಗಿದ್ದಾಗ.
ಮೇಲೆ ನಾದ ನಿಂತ ಮೇಲೂ
ಹಗ್ಗದೊಳಗೆ ಒಂದು ನಡುಕ ಇಳಿದು ಬರುತ್ತದೆ, ಕೈತಾನ,
ಅದು ಪೂರ್ತಿ ಆರುವ ತನಕ ಕೈ ಬಿಡಬೇಡ.

ಬಿಡಲಿಲ್ಲ. ಬೆಳಿಗ್ಗೆ, ಮಧ್ಯಾಹ್ನ, ಆಮೊರಿಯ ಹೊತ್ತು.
ಮದುವೆಗೆ ಜೋಡಿ ಪೆಟ್ಟು. ಸಾವಿಗೆ
ಒಂದು, ತಡೆ, ಒಂದು, ತಡೆ.
ಅಪ್ಪನಿಗೂ ನಾನೇ ಹೊಡೆದೆ,
ಲೆಕ್ಕ ತಪ್ಪಿ ಎರಡು ಹೆಚ್ಚು.

ಈಗ ಅದೇ ಎಡಗೈಯ ಮಣಿಕಟ್ಟಿನಲ್ಲಿ
ಎರಡು ರಕ್ತನಾಳ ಕೂಡಿಸಿ ಹೊಲಿದಿದ್ದಾರೆ.
ಭಾರ ಎತ್ತಬಾರದು, ವಾಚು ಕಟ್ಟಬಾರದು,
ತಲೆಯಡಿಗೆ ಇಟ್ಟು ಮಲಗಬಾರದು.
ಹಗ್ಗ? ಎಂದು ಕೇಳಿದೆ.
ಯಾವ ಹಗ್ಗ? ಎಂದರು ಡಾಕ್ಟರು.

ವಾರಕ್ಕೆ ಮೂರು ದಿನ ಸಂತೆಕಟ್ಟೆಯಿಂದ ಬಸ್ಸು,
ಅಜ್ಜರಕಾಡಿನ ಆಸ್ಪತ್ರೆ, ಕಿಟಕಿ ಬದಿಯ ಹಾಸಿಗೆ.
ನಾಲ್ಕು ತಾಸು ನನ್ನ ರಕ್ತ ನನ್ನಿಂದ ಹೊರಗೆ ಹೋಗಿ
ಮುಖ ತೊಳೆಸಿಕೊಂಡು ಬಂದ ಹುಡುಗನ ಹಾಗೆ
ಒಳಗೆ ಬರುತ್ತದೆ.
ಪಕ್ಕದಲ್ಲಿ ಹಮ್ಮಬ್ಬ ಬ್ಯಾರಿ,
ಮಲ್ಪೆ ಬಂದರಿಗೆ ಲಾರಿಗಟ್ಟಲೆ ಐಸು ಹಾಕಿದವ.
ಚೀಪಲಿಕ್ಕೆ ಒಂದು ತುಂಡು ಐಸಿಗಾಗಿ
ಸಿಸ್ಟರ್ ಪ್ರಫುಲ್ಲಳ ಹತ್ತಿರ ಬೇಡುತ್ತಿದ್ದ.
ದಿನಕ್ಕೆ ಮುಕ್ಕಾಲು ಲೀಟರು, ಮಾರಾಯ,
ನಮ್ಮ ಮನೆಯ ಬೆಕ್ಕಿಗೂ ಇಷ್ಟು ಲೆಕ್ಕ ಇಲ್ಲ!
ಹೇಳಿ ತಾನೇ ನಗುತ್ತಿದ್ದ.

ಸುಳ್ಳು ಹೇಳುವುದಿಲ್ಲ ದೇವರೇ, ನಿನಗೆ ಬೈದದ್ದುಂಟು.
ಪಾಪನಿವೇದನೆಯಲ್ಲಿ ಅದನ್ನು ಹೇಳದೆ ಬಿಟ್ಟದ್ದೂ ಉಂಟು.
ನಿನ್ನ ಚಿತ್ತದಂತೆ ಆಗಲಿ ಎಂಬಲ್ಲಿಗೆ ಬರುವಾಗ
ನಾಲಿಗೆ ಒಣಗಿ ಅಂಗುಳಿಗೆ ಅಂಟುತ್ತಿತ್ತು.
ಸೆವ್ರಿನ್ ಒಬ್ಬಳೇ ತೇರ್ಸ ಮುಂದುವರಿಸುತ್ತಿದ್ದಳು,
ನಾನು ಮಣಿ ಮಾತ್ರ ಜರುಗಿಸುತ್ತಿದ್ದೆ.

ಸ್ವರ್ಣೆ ಹೊಳೆ ಎದುರಿಗೇ ಉಂಟು.
ನೋಡುವ ನೀರಿಗೆ ಮಾತ್ರ ನೀನು ಅಳತೆ ಇಡಲಿಲ್ಲ
ಎಂದೆ ಒಂದು ರಾತ್ರಿ. ಸಿಟ್ಟಲ್ಲಿಯೇ ಅಂದದ್ದು.
ಬೆಳಗಾಗುವಾಗ ಅದೇ ಮಾತು
ಸ್ತುತಿಯ ಹಾಗೆ ಕೇಳಿಸಿತು.
ಯಾಕೋ, ಗೊತ್ತಿಲ್ಲ.

ಮೊಂತಿ ಹಬ್ಬದ ದಿನ ಹೊಸ ಹುಡುಗ ಗಂಟೆ ಹೊಡೆದ.
ಅವಸರದವ, ನಾದ ಆರುವ ಮೊದಲೇ ಹಗ್ಗ ಬಿಟ್ಟ.
ಜಗಲಿಯಲ್ಲಿ ಕೂತು ಹಲ್ಲು ಕಚ್ಚಿದೆ.
ಸೆವ್ರಿನ್ ಆಶೀರ್ವಾದದ ತೆನೆ ತಂದು,
ಏಳು ಕಾಳು ಸುಲಿದು, ಅರೆದು, ಹಾಲಿಗೆ ಬೆರೆಸಿ
ಮನೆಗೆ ಹಿರಿಯನೆಂದು ಮೊದಲ ಚಮಚ ನನಗೆ ಕೊಟ್ಟಳು.
ಆ ದಿನದ ನೀರಿನಿಂದ ಅದನ್ನು ಕಳೆದು
ಕ್ಯಾಲೆಂಡರಿನ ಅಂಚಿನಲ್ಲಿ ಬರೆದಳು:
ಹತ್ತು ಮಿಲಿ, ಹೊಸ ಅಕ್ಕಿ.

ನಾಲಿಗೆಯ ಮೇಲಿಟ್ಟು ನುಂಗದೆ ಕೂತೆ.
ಬಾವಿಕಟ್ಟೆಯಲ್ಲಿ ಕೊಡ ಎತ್ತಿ ಗಟಗಟ ಕುಡಿದ ಕಾಲದಲ್ಲಿ
ಒಮ್ಮೆಯೂ ನಿನಗೆ ಉಪಕಾರ ಹೇಳಿದವನಲ್ಲ ನಾನು.
ಆ ಎಲ್ಲ ಕೊಡಗಳಿಗೂ ಸೇರಿಸಿ
ಈ ಒಂದು ಚಮಚದಲ್ಲಿ ಹೇಳಿದೆ.

ಮಧ್ಯಾಹ್ನ ಫೋನು ಬಂತು. ಹಮ್ಮಬ್ಬ ಹೋದನಂತೆ.
ಅವನ ಜನಕ್ಕೆ ಗಂಟೆಯ ಕ್ರಮ ಇಲ್ಲ.
ನನಗೆ ಇರುವುದು ಅದೊಂದೇ ವಿದ್ಯೆ.
ಜಗಲಿಯ ಕಂಬಕ್ಕೆ ಬಲಗೈಯ ಗೆಣ್ಣಿನಿಂದ
ಒಂದು, ತಡೆ, ಒಂದು, ತಡೆ.
ನಾಯಿ ಎದ್ದು ನೋಡಿ ಮತ್ತೆ ಮಲಗಿತು.

ರಾತ್ರಿ ಎಡಗೈ ಕಿವಿಗೆ ಹಿಡಿದೆ.
ದಿನಾ ಮುಟ್ಟಿ ನೋಡಿ, ಗುಂಯ್ ಎನ್ನುತ್ತಿದ್ದರೆ
ಸರಿ ಉಂಟು ಎಂದಿದ್ದರು ಡಾಕ್ಟರು.
ಗುಂಯ್ ಎನ್ನುತ್ತಿತ್ತು,
ಪೆಟ್ಟು ಮುಗಿದ ಮೇಲೆ ಹಗ್ಗದಲ್ಲಿ ಇಳಿಯುವ ಅದೇ ನಡುಕ,
ಚರ್ಮದ ಅಡಿಯಲ್ಲಿ, ರಾತ್ರಿಯಿಡೀ.
ಮಣಿಯಲಿಕ್ಕೆ ಬಾರದವನ ಕೈಗೇ
ಮಣಿ ಕಟ್ಟಿದೆಯಾ, ದೇವರೇ?

ಹಾಗಾದರೆ ಇನ್ನು ಹಗ್ಗ ನಾನು.
ಎಳೆಯುವ ಕೈಯೂ ಕೇಳುವ ಕೈಯೂ ನಿನ್ನದು.
ಅಪ್ಪ ಹೇಳಿದ್ದು ನಿನಗೂ ಗೊತ್ತಿರಬೇಕು,
ಪೂರ್ತಿ ಆರುವ ತನಕ.

ನಾಳೆ ಬುಧವಾರ. ಆರೂಮುಕ್ಕಾಲರ ಬಸ್ಸು.