ಹಿಟ್ಟಿನ ಗಿರಣಿಯ ಕೆಳಗೆ

ನನ್ನ ಸ್ಟುಡಿಯೊ ಇರುವುದು ಲಿಂಗರಾಜಪುರದಲ್ಲಿ,
ಹಿಟ್ಟಿನ ಗಿರಣಿಯ ಕೆಳಗಿನ ನೆಲಮಾಳಿಗೆ.
ಗಿರಣಿ ಊಟಕ್ಕೆ ನಿಲ್ಲುವುದು ಒಂದರಿಂದ ಮೂರು.
ಆ ಎರಡು ಗಂಟೆಯೇ ನನ್ನ ಸಂಪಾದನೆ:
ದೇವರ ನಾಮ, ಸೈಟು ಮಾರುವವರ ಜಾಹೀರಾತು,
ಚುನಾವಣೆ ಬಂದರೆ ಆಟೋದ ಮೇಲೆ ಕಟ್ಟುವ ಘೋಷಣೆ.

ಅವರು ಬಂದದ್ದು ಒಂದು ಸೋಮವಾರ.
ಮೇವಿಸ್ ಪೆನ್‌ರೋಸ್. ಎಪ್ಪತ್ತಮೂರು.
ಹೂವಿನ ಫ್ರಾಕು, ಕಾಲಿಗೆ ಹವಾಯಿ ಚಪ್ಪಲಿ,
ಗಿಟಾರಿಗೆ ಕುತ್ತಿಗೆತನಕ ದಿಂಬಿನ ಕವರು ತೊಡಿಸಿ
ಎತ್ತಿಕೊಂಡಿದ್ದರು, ಲಸಿಕೆಗೆ ತಂದ ಮಗುವಿನ ಹಾಗೆ.

"ಯಾವ ಥರದ ಹಾಡು ಮೇಡಂ?" "ಕಂಟ್ರಿ."
ನಮ್ಮಲ್ಲಿ ಅದು ಬೈಗುಳ.
ಕಂಟ್ರಿ ಸಾರಾಯಿ, ಕಂಟ್ರಿ ಪಿಸ್ತೂಲು, ಕಂಟ್ರಿ ನಾಯಿ,
ಜಾತಿಯಿಲ್ಲದ್ದು, ಲೈಸೆನ್ಸಿಲ್ಲದ್ದು, ಬೀದಿಯದು.
ಹೇಳಿಯೇಬಿಟ್ಟೆ. ಕೆಮ್ಮು ಬರುವಷ್ಟು ನಕ್ಕರು.
"ಅದೇ ಮ್ಯಾನ್. ಅದೇ ಹಾಡು."

ಒಂದು ಕಾಲದಲ್ಲಿ ಶನಿವಾರ ಶನಿವಾರ
ರೈಲ್ವೆ ಇನ್ಸ್ಟಿಟ್ಯೂಟಿನ ಮರದ ನೆಲದ ಮೇಲೆ
ಈ ದನಿಗೆ ನೂರು ಜೋಡಿ ಬೂಟು ತಿರುಗುತ್ತಿದ್ದವಂತೆ.
ಒಂದೇ ಒಂದು ರೆಕಾರ್ಡು. ಮುಖಪುಟದಲ್ಲಿ ಕುದುರೆ,
ರೇಸ್‌ಕೋರ್ಸಿನದು, ಗಂಟೆಗೆ ಐದು ರೂಪಾಯಿ ಬಾಡಿಗೆ.
ಆಮೇಲೆ ಬ್ಯಾಂಡಿನವರು ಒಬ್ಬೊಬ್ಬರಾಗಿ ಆಸ್ಟ್ರೇಲಿಯಾ ಹಿಡಿದರು.
ಡ್ರಮ್ಮು ಹೋಯಿತು, ಬೇಸು ಹೋಯಿತು,
ಪಿಟೀಲು ಹೋಯಿತು,
ಪಿಟೀಲಿನವನ ಜೊತೆ ಗೊತ್ತಾಗಿದ್ದ ಮದುವೆಯೂ.

ಉಳಿದದ್ದು ಟ್ರಂಕ್ ಎಕ್ಸ್‌ಚೇಂಜಿನ ಕುರ್ಚಿ.
ಇಪ್ಪತ್ತೊಂಬತ್ತು ವರ್ಷ.
"ಲೈನಿನಲ್ಲೇ ಇರಿ" ಎನ್ನುತ್ತ ಕಲಿತ ಕನ್ನಡ.
ರಾಯಚೂರಿನ ಸಾವು, ಹಾಸನದ ಹೆರಿಗೆ,
ಅಡಿಕೆ ಬೆಲ್ಲದ ರೇಟು, ಎಲ್ಲ
ಆ ಕಿವಿಯ ಪಕ್ಕದಲ್ಲೇ ಹಾದು ಹೋದವು.
ನಮ್ಮಪ್ಪ ಬೆಳಗಿನಿಂದ ಕಾದು ಅಣ್ಣನಿಗೆ ಮಾಡಿದ ಕಾಲು
ಮೂರೇ ನಿಮಿಷಕ್ಕೆ ಕಡಿದ ಕೈ ಇದೇ ಇರಬಹುದು.
ಕೇಳಲಿಲ್ಲ.

ದನಿ ಇಳಿದಿದೆ. ಹಳೆಯ ಹಾಡನ್ನು ಹಳೆಯ ಶ್ರುತಿಯಲ್ಲೇ
ಹಿಡಿಯಲು ಹೋಗಿ ಮೊದಲ ದಿನ
ಮೇಲಿನ ಸ್ವರ ಒಡೆಯಿತು. ಗೋಡೆ ನೋಡುತ್ತ ಕೂತರು.
ಎರಡು ಮನೆ ಕೆಳಗಿಳಿಸಿದೆವು. ಮತ್ತೆ ಒಂದು.
ಬಾವಿಗೆ ಬಿದ್ದ ಕೊಡಕ್ಕೆ ಪಾತಾಳಗರಡಿ ಬಿಟ್ಟ ಹಾಗೆ
ತಡಕಿ ತಡಕಿ, ಹನ್ನೊಂದನೆಯ ಟೇಕಿಗೆ
ಏನೋ ಸಿಕ್ಕಿತು. ಎಳೆದರೆ ನೀರಿನ ಭಾರವಿತ್ತು.

ಒಂದು ಹಾಡಿನಲ್ಲಿ ರೈಲು ಬರುತ್ತದೆ.
ಕಂಟ್ರಿ ಎಂದರೆ ರೈಲು ಇರಲೇಬೇಕಂತೆ.
ಇವರದು ಮಾರಿಕುಪ್ಪಂ ಪ್ಯಾಸೆಂಜರು:
ಎದೆಯಲ್ಲಿ ಗಣಿಯ ಧೂಳು ತುಂಬಿಕೊಂಡು ಅಪ್ಪ
ಕೊನೆಯ ಸಲ ಕಂಟೋನ್ಮೆಂಟಿನಲ್ಲಿ ಇಳಿದದ್ದು,
ಇಳಿದು, ಪ್ಲಾಟ್‌ಫಾರ್ಮಿನ ನಲ್ಲಿಯಲ್ಲಿ ಬಾಯಿ ತೊಳೆದದ್ದು.
ಇಂಗ್ಲಿಷು ನನಗೆ ಅರ್ಧ ತಿಳಿಯಿತು,
ಕೆಮ್ಮು ಪೂರ್ತಿ.

ಸೋದರಳಿಯ ಫೋನು ಮಾಡಿದ. ದುಡ್ಡು ಅವನದು.
"ಉಸಿರೆಲ್ಲ ತೆಗೀರಿ ಸಾರ್, ದನಿಗೆ ಒಂಚೂರು ಪಾಲಿಶ್ ಹಾಕಿ."
ಹಾಕಿದೆ. ನಾಲ್ಕು ನಿಮಿಷದ ಕೆಲಸ.
ಇಪ್ಪತ್ತೈದರ ಹುಡುಗಿಯೊಬ್ಬಳು ಹಾಡಿದಳು, ಎಲ್ಲಿಯವಳೋ.
ಅಳಿಸಿದೆ.
ಅವನಿಗೆ ಇನ್ನೂ ಹೇಳಿಲ್ಲ.

ಕೊನೆಯ ದಿನ, ಕೊನೆಯ ಹಾಡು, ಎರಡನೆಯ ನುಡಿ.
ಗಡಿಯಾರ ನೋಡಿರಲಿಲ್ಲ ಇಬ್ಬರೂ. ಮೂರಾಗಿ
ಮೇಲೆ ಗಿರಣಿ ಗುಡುಗಿತು. ಯಾರದೋ ರಾಗಿ.
ನಾನು ಕೈಯೆತ್ತಿದೆ, ನಿಲ್ಲಿಸಿ ಎಂದು.
ಅವರು ನಿಲ್ಲಿಸಲಿಲ್ಲ. ಕಣ್ಣು ಮುಚ್ಚಿ
ಹೆಬ್ಬೆರಳನ್ನು ಆ ಗುಡುಗಿಗೆ ಹೊಂದಿಸಿ, ದನಿಯನ್ನು
ಅದರ ಮೇಲೆ ಇಳಿಬಿಟ್ಟರು.
ನಮ್ಮಜ್ಜಿಗೆ ಗೊತ್ತಿತ್ತು ಈ ಲೆಕ್ಕ:
ಕಲ್ಲು ಎಷ್ಟು ತಿರುಗಿದರೆ ಪದ ಎಷ್ಟು ಎಳೆಯಬೇಕು,
ಹಿಡಿ ಕಾಳು ಹಾಕುವಾಗ ಎಲ್ಲಿ ಉಸಿರು ತೆಗೆಯಬೇಕು.

ತಂತಿ ಅದುರಿ ನಿಂತಿತು. ಬಲ್ಬಿನ ಬೆಳಕಲ್ಲಿ
ಸೂರಿನಿಂದ ಹಿಟ್ಟಿನ ಧೂಳು ಇಳಿಯುತ್ತಿತ್ತು.
ಹೆಡ್‌ಫೋನು ಸರಿಪಡಿಸಿಕೊಂಡು ಮೇವಿಸ್
ಬೇರೆಯೇ ದನಿಯಲ್ಲಿ, ಯಾರನ್ನೂ ನೋಡದೆ, ಕೇಳಿದರು:
"ಮೂರು ನಿಮಿಷ ಆಯ್ತು. ಮುಂದುವರಿಸಲಾ?"