ಗುಂಡಿ

ಕಟ್ಟು ಬಿಚ್ಚಿದ ಡಾಕ್ಟರು ಕೇಳಿದರು:
ಏನು ಕಾಣುತ್ತೆ, ಮಾಕ್ವಾಲಾ?
ಅಮ್ಮ ಬಹಳ ಹೊತ್ತು ಸುಮ್ಮನಿದ್ದು
"ಸಂತೆ" ಅಂದಳು.
"ಯಾರ ದನಿ ಯಾರದೆಂದು ತಿಳಿಯದ ಸಂತೆ."

ಕುತೈಸಿಯ ಗುಂಡಿ ಕಾರ್ಖಾನೆಯಲ್ಲಿ
ಇಪ್ಪತ್ತೆರಡು ವರ್ಷ ಬೆರಳಲ್ಲೇ ಆರಿಸಿದವಳು.
ಎರಡು ಕಣ್ಣಿನದು ಇತ್ತ, ನಾಲ್ಕು ಕಣ್ಣಿನದು ಅತ್ತ,
ಅಂಚು ಮುಕ್ಕಾದದ್ದು ಕಾಲ ಬಳಿಯ ತಗಡಿನ ಡಬ್ಬಕ್ಕೆ.
ಡಬ್ಬಕ್ಕೆ ಬಿದ್ದದ್ದರ ಸದ್ದು
ಅವಳಿಗೆ ಯಾವತ್ತೂ ಕೇಳಿಸಿರಲಿಲ್ಲ.

ಮೂರರ ವಯಸ್ಸಿಗೆ ಹೋದ ಕಣ್ಣು
ನಲವತ್ತೊಂಬತ್ತಕ್ಕೆ ಬಂತು.
ಬರಿಗೈಯಲ್ಲಿ ಬಂತು.

ಈ ಮುಖಕ್ಕಾಗಿಯೇ ಕಾದಿದ್ದಾಳೆಂದು
ಹೊಸ ಓಲೆ ಹಾಕಿಕೊಂಡು ಕೂತಿದ್ದೆ ನಾನು.
ಅವಳ ನೋಟ ನನ್ನ ಮೇಲಿಂದ ಜಾರಿ ಗೋಡೆಗೆ,
ಗೋಡೆಯಿಂದ ಕಿಟಕಿಗೆ,
ಎಲ್ಲವೂ ಒಂದೇ ದೂರ, ಎಲ್ಲವೂ ರೆಪ್ಪೆಗೆ ಅಂಟಿಕೊಂಡ ಹಾಗೆ.
ಕೆಮ್ಮಿದೆ.
"ನೀನಾ, ಲಾಮಾರಾ?" ಎಂದು ಕೈಚಾಚಿದಳು,
ಕಣ್ಣು ಮುಚ್ಚಿಕೊಂಡು.

ಮನೆಯಲ್ಲಿ ಬಟ್ಟಲನ್ನು ನೋಡುತ್ತ ಕೂರುವಳು.
ಬಿಳಿ ಉಂಗುರ, ಕೆಳಗೊಂದು ಬಾಗಿದ ಗೆರೆ, ಪಕ್ಕಕ್ಕೆ ಕಿವಿಯಂಥದ್ದು.
ಮುಟ್ಟಿದ ಮೇಲೆ, "ಅಯ್ಯೋ, ಇದು ನನ್ನ ಬಟ್ಟಲು!"
ಬೆಳಗಾದರೆ ಮತ್ತೆ ಉಂಗುರ, ಗೆರೆ, ಕಿವಿ.
ಬೆಕ್ಕು ಇನ್ನೂ ಕಷ್ಟ: ಒಂದು ದಿನ ನಾಲ್ಕು ಚೂರು,
ಮರುದಿನ ಬರೀ ಬಾಲ.
ಇಷ್ಟು ವರ್ಷ ಲೆಕ್ಕ ತಪ್ಪದೆ ಇಳಿದ ಹದಿನೆಂಟು ಮೆಟ್ಟಿಲು
ಈಗ ನೆಲಕ್ಕೆ ಬಳಿದ ಪಟ್ಟೆ.
ಪಟ್ಟೆಯ ಮೇಲೆ ಯಾರಾದರೂ ಇಳಿಯುವುದುಂಟೆ?
ಕಪ್ಪು ಕನ್ನಡಕದ ಹಿಂದೆ ಕದ್ದು ಕಣ್ಣು ಮುಚ್ಚಿ
ಇಳಿಯುತ್ತಿದ್ದಳು, ನೆರೆಯವರಿಗೆ ನಾಚಿ.

ನನಗೆ ಸಿಟ್ಟು.
ಅಪ್ಪನ ದ್ರಾಕ್ಷಿತೋಟ ಮಾರಿ ತಂದ ಬೆಳಕು ಅದು.

ಅಕ್ಟೋಬರಿನ ಒಂದು ಮಧ್ಯಾಹ್ನ
ರಿಯೋನಿ ಹೊಳೆಯ ಸೇತುವೆಯ ನಡುವೆ
ಗಕ್ಕನೆ ನಿಂತಳು.
"ಮುಂದೆ ಗುಂಡಿಯಿದೆ."
ಗುಂಡಿಯೆಲ್ಲಿ? ದೀಪದ ಕಂಬದ ಬುಡದಿಂದ ಚಾಚಿದ ನೆರಳು.
"ನೆರಳಮ್ಮಾ ಅದು, ಏನೂ ಅಲ್ಲ."
"ಏನೂ ಅಲ್ಲ ಅಂದರೆ? ಇಷ್ಟು ಕಪ್ಪಗಿದೆ.
ನಿನಗೆ ಕಾಣಿಸೋದಿಲ್ಲವಾ?"

ನೋಡಿದೆ.
ದಿನಕ್ಕೆರಡು ಸಲ ತುಳಿದ ಸೇತುವೆ.
ನೆರಳು ಕಪ್ಪಲ್ಲ, ನೀಲಿ. ಅಂಚು ನಡುಗುತ್ತಿತ್ತು.
ನನ್ನದೇ ಮೂಗಿನ ಬದಿ, ಮಸುಕಾಗಿ,
ಎರಡೂ ಕಣ್ಣಿನ ಒಳಮೂಲೆಯಲ್ಲಿ;
ಹುಟ್ಟಿದಂದಿನಿಂದ ಅಲ್ಲೇ ಇತ್ತು.
ತೊಟ್ಟಿಲಿನಿಂದ ಈ ಸೇತುವೆಯವರೆಗೆ
ಎಷ್ಟೆಷ್ಟನ್ನು ಕಾಲ ಬಳಿಯ ಡಬ್ಬಕ್ಕೆ ಹಾಕಿದ್ದೇನೋ,
ಉಳಿದ ಹಿಡಿಯಷ್ಟಕ್ಕೆ
ಸೇತುವೆ ಎಂದು, ಹೊಳೆ ಎಂದು, ಅಮ್ಮ ಎಂದು ಹೆಸರು.

ಬೂಟಿನ ತುದಿಯಿಂದ ಆ ಕಪ್ಪನ್ನು
ಮೆಲ್ಲಗೆ ಒತ್ತಿ ನೋಡಿದಳು.
"ಗಟ್ಟಿಯಿದೆ" ಅಂದಳು, ದಾಟಿದಳು.
ನಾನು ಬಳಸಿಕೊಂಡು ಹೋದೆ.