ಎರಡೂವರೆ ಸೆಕೆಂಡು

ಕೂತುಕೋ ಓಸ್ಮೊ, ಬೂಟಿನ ಹಿಮ ಅಲ್ಲೇ ಒದರು.
ನಳಿಗೆ ಕೆಟ್ಟಿತೆಂದು ಕಾರ್ಖಾನೆಯವರನ್ನು ಬಯ್ಯುವ ಮೊದಲು
ಈ ಕಡ್ಡಿಕ್ಯಾಮೆರಾ ಒಳಗೆ ಬಿಡುತ್ತೇನೆ, ನೋಡು.

ಇದು ಗಂಟಲು.
ಗುಂಡು ತೋಟಾದ ಬಾಯಿ ಬಿಟ್ಟು
ಸುರುಳಿಗೆರೆ ಹಿಡಿಯುವ ಜಾಗ.
ಹೊಸದಿದ್ದಾಗ ಕನ್ನಡಿ.
ಈಗ ಮೊಸಳೆಯ ಬೆನ್ನು.
(ಮೊಸಳೆ ನಾನು ಕಂಡವನಲ್ಲ. ಈ ಕೂಹ್ಮೊದ ಸರೋವರಗಳಲ್ಲಿ
ಪೈಕ್ ಮೀನಿಗಿಂತ ದೊಡ್ಡ ಹಲ್ಲಿಲ್ಲ.
ಕೋವಿ ರಿಪೇರಿಯವರೆಲ್ಲ ಹಾಗನ್ನುತ್ತಾರೆ, ನಾನೂ ಅನ್ನುತ್ತೇನೆ.)

ಗುಂಡು ಉಜ್ಜಿ ಉಜ್ಜಿ ಸವೆಯಿತು ಅಂದುಕೊಂಡೆ ನೀನು.
ತಾಮ್ರ ಮೆತ್ತಗೆ; ಉಕ್ಕಿಗೆ ಅದೇನು ಮಾಡೀತು?
ತಿಂದದ್ದು ಬೆಂಕಿ.
ಬೆರಳುದ್ದದ ಮದ್ದು ಒಮ್ಮೆಗೇ ಉರಿದು
ಇಕ್ಕಟ್ಟಿನ ಕೊರಳಲ್ಲಿ ನುಗ್ಗುವಾಗ
ಉಕ್ಕಿನ ಮೇಲ್ಚರ್ಮ ಕೆಂಡವಾಗಿ, ಮರುಗಳಿಗೆ ತಣಿದು,
ಗಡುಸಾಗಿ, ಬಿರಿದು,
ಬಿರುಕಿನೊಳಗೆ ಬೆಂಕಿ ಮತ್ತೆ ನಾಲಗೆ ಚಾಚಿ…
ಎಂಟು ಗುಂಡಿಗೇ ನಳಿಗೆ ಮುಟ್ಟಲಾರದಷ್ಟು ಕಾದಿರುವಾಗ
ಒಂಬತ್ತನೆಯದನ್ನು ಹೊಡೆದೆಯಲ್ಲ,
ಹತ್ತನೆಯದನ್ನೂ,
ಅವಸರವೇನಿತ್ತು? ಗುರಿಹಲಗೆ ಓಡಿಹೋಗುತ್ತಿತ್ತೇ?

ಗಂಟಲು ಕೆಡುವುದು ಹಾಡಿದ್ದಕ್ಕಲ್ಲ ತಮ್ಮಾ,
ಕಿರುಚಿದ್ದಕ್ಕೆ.

ಎಷ್ಟು ಬಾಳುತ್ತದೆ ಎಂದು ಕೇಳುತ್ತೀ.
ಮಕ್ಕಳು ಕಲಿಯುವ ಸಣ್ಣ ಕೋವಿ ನನ್ನನ್ನು ಮಣ್ಣು ಮಾಡಿಯೂ ಬಾಳುತ್ತದೆ.
ಸಾಧಾರಣ ಬೇಟೆಕೋವಿ ಐದು ಸಾವಿರಕ್ಕೆ ಮೋಸವಿಲ್ಲ.
ನಿನ್ನದು ಸಣ್ಣ ತೂತು, ದೊಡ್ಡ ಹೊಟ್ಟೆ;
ಎರಡು ಸಾವಿರ ಕಂಡರೆ ಪುಣ್ಯ.
ಎಲ್ಲ ಅಂದಾಜು. ನಳಿಗೆ ನಮ್ಮ ಪಟ್ಟಿ ಓದಿಲ್ಲ.

ಒಂದು ಜನವರಿ ರಾತ್ರಿ, ಗಿರಾಕಿಗಳಿಲ್ಲದೆ, ಲೆಕ್ಕ ಹಾಕಿದ್ದೆ:
ಗುಂಡು ನಳಿಗೆಯೊಳಗಿರುವುದು
ಸೆಕೆಂಡಿನ ಸಾವಿರದಲ್ಲೊಂದು ಪಾಲು, ಮೇಲೆ ಚೂರು.
ಎರಡು ಸಾವಿರದಿಂದ ಗುಣಿಸು.
ಎರಡೂವರೆ ಸೆಕೆಂಡು.
ನೀನು ಕೊಟ್ಟ ಯೂರೊ, ಮೂರು ಬೇಸಿಗೆಯ ಶನಿವಾರಗಳು,
ಅದು ನಿಜವಾಗಿ ದುಡಿದದ್ದು ಇಷ್ಟೇ,
ಬಂದ ಸೀನು ಸೀನಿ ಮುಗಿಯುವಷ್ಟು.
ಉಳಿದ ಹೊತ್ತೆಲ್ಲ ಗೋಡೆಗೆ ಒರಗಿ ಕಾದದ್ದು.

ಅಕ್ಟೋಬರಿನಲ್ಲಿ ಹೆಲ್ವಿ ಅಜ್ಜಿ ಬಂದಿದ್ದಳು.
ಕಂಬಳಿಯಲ್ಲಿ ಸುತ್ತಿದ ಕೋವಿ, ಅವಳ ಮದುವೆಗಿಂತ ಹಳೆಯದು.
ವರ್ಷಕ್ಕೊಂದು ಮೂಸ್, ಅದಕ್ಕೊಂದು ಗುಂಡು,
ಮುಂಚೆ ಗುರಿ ನೋಡಲು ಎರಡು.
ಅರುವತ್ತು ಶರತ್ಕಾಲ ಕೂಡಿಸಿದರೂ ಇನ್ನೂರು ದಾಟದು.
“ಯಾಲ್ಮಾರಿ, ಹೊಡೆತ ಎಡಕ್ಕೆ ಜಾರುತ್ತಿದೆ.
ಕಣ್ಣು ಹೋಯಿತೋ, ಕೋವಿಯೋ?”

ಒಳಗೆ ನೋಡಿದೆ. ಗಂಟಲು ಇನ್ನೂ ಕನ್ನಡಿ.
ತುದಿಯ ಬಾಯಿ ಮಾತ್ರ ಸವೆದು ಮೊಟ್ಟೆಯಾಕಾರ.
ಪ್ರತಿ ಭಾನುವಾರ, ಹೊಡೆದಿರಲಿ ಬಿಡಲಿ,
ಉಕ್ಕಿನ ಕಡ್ಡಿಗೆ ಬಟ್ಟೆ ಸುತ್ತಿ ಬಾಯಿಯಿಂದ ಒಳಕ್ಕೆ
ತಿಕ್ಕಿದ್ದಾಳೆ. ಗಂಡ ಹೇಳಿಕೊಟ್ಟದ್ದು ಹಾಗೆ.
ಗಂಡ ಹೋಗಿ ಇಪ್ಪತ್ತೆರಡು ವರ್ಷ; ಕಡ್ಡಿ ನಿಂತಿಲ್ಲ.
ಓರೆಯಾಗಿ ಒಂದೇ ಅಂಚನ್ನು ತಿನ್ನುತ್ತ ಬಂದಿದೆ.

ಹೇಳಲೋ ಬೇಡವೋ ಅಂದುಕೊಂಡೆ.
ಹೇಳಿದೆ.
ಅವಳು ಸಕ್ಕರೆ ಗಟ್ಟಿಯನ್ನು ಕಾಫಿಗೆ ಅದ್ದಿ ಕಡಿದಳು.
“ಸವೆದಷ್ಟು ಕತ್ತರಿಸು” ಅಂದಳು.

ಅರ್ಧ ಬೆರಳು ಕತ್ತರಿಸಿ ಹೊಸ ಬಾಯಿ ಕಡೆದೆ.
ಹೊಡೆದು ನೋಡಿದಳು: ಮೂರು ತೂತು,
ಒಂದು ನಾಣ್ಯ ಮುಚ್ಚುವಷ್ಟರಲ್ಲಿ.
ತುಂಡಾದ ಉಂಗುರ ಬೇಕೆಂದು ಕೇಳಿ ಜೇಬಿಗೆ ಹಾಕಿಕೊಂಡಳು.
ಬಾಗಿಲ ಬಳಿ ತಿರುಗಿ,
“ಹಾಗಾದರೆ ಭಾನುವಾರ ಏನು ಮಾಡಲಿ?”
ಹಿಂಬದಿಯಿಂದ ತೂರಿಸುವ ಕಡ್ಡಿಯೊಂದು ಕೊಟ್ಟೆ.
ದುಡ್ಡು ಬೇಡವೆಂದೆ.

ನಿನ್ನದಕ್ಕೆ ಗರಗಸ ಸಾಲದು ಓಸ್ಮೊ, ಕಾಯಿಲೆ ಬುಡದಲ್ಲಿದೆ.
ಹೊಸ ನಳಿಗೆ ಮಾರ್ಚಿಗೆ ಬರುತ್ತದೆ.
ಹಳೆಯದನ್ನು ಬಿಟ್ಟು ಹೋಗುವುದಾದರೆ ಬಿಟ್ಟು ಹೋಗು,
ಟೊಮೆಟೊ ಗಿಡಕ್ಕೆ ಆಸರೆ ಊರುತ್ತೇನೆ.
ಹೋದ ವರ್ಷ ಊರಿದವು
ಇನ್ನೂ ನೆಟ್ಟಗೆ ನಿಂತಿವೆ.